ಗ್ರೀನ್ ಹತ್ತಿರ ಬಂದು ಕೈಕೊಡುವ ಚಿಪ್: ಸರಿ ಮಾಡಿಕೊಳ್ಳುವುದು ಹೇಗೆ?

ಗಾಲ್ಫ್‌ನಲ್ಲಿ ಅದೊಂದು ಪಾರ್ ನಾಲ್ಕರ ಹೋಲ್, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. ಎರಡೇ ಹೊಡೆತಕ್ಕೆ ನನ್ನ ಚೆಂಡು ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆಯ ಹುಲ್ಲುಹಾಸು) ಪಕ್ಕದಲ್ಲಿ ಬಂದು ಕೂತಿತ್ತು. ಹೋಲ್‌ಗೆ ಇನ್ನು ಹದಿನೈದು ಹೆಜ್ಜೆ. ಇಲ್ಲಿಂದ ಚೆಂಡನ್ನು ಚೂರು ಹಾರಿಸಿ ಹೋಲ್ ಕಡೆಗೆ ಉರುಳಿಸುವ ಚಿಕ್ಕ ಹೊಡೆತವೇ ಚಿಪ್. ಮೊದಲ ಚಿಪ್‌ನಲ್ಲಿ ಕ್ಲಬ್ಬು, ಅಂದರೆ ಹೊಡೆಯುವ ಕೋಲು, ಮಣ್ಣಿಗೆ ಕಚ್ಚಿಕೊಂಡಿತು, ಚೆಂಡು ಒಂದು ಗೇಣು ಮುಂದೆ ಹೋಯಿತು. ಎರಡನೆಯದನ್ನು ಸಿಟ್ಟಿನಲ್ಲಿ ಹೊಡೆದೆ. ಅದು ನೆಲಮಟ್ಟದಲ್ಲೇ ಹಾರಿ ಗ್ರೀನ್ ದಾಟಿ ಬಂಕರ್‌ಗೆ, ಅಂದರೆ ಮರಳಿನ ಹೊಂಡಕ್ಕೆ, ಬಿತ್ತು. ಅಲ್ಲಿಂದ ಒಂದು, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟ್ಟರ್‌ನಲ್ಲಿ ಮೂರು. ಒಟ್ಟು ಎಂಟು! ಮುನ್ನೂರೈವತ್ತು ಗಜಕ್ಕೆ ಎರಡು ಹೊಡೆತ, ಕೊನೆಯ ಹದಿನೈದು ಹೆಜ್ಜೆಗೆ ಆರು.

ದೂರ ಹೊಡೆಯುವುದನ್ನೇ ನಾವು ಜಾಸ್ತಿ ಅಭ್ಯಾಸ ಮಾಡುತ್ತೇವೆ. ಆದರೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಪಡೆದರು, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ದೂರ ಹೊಡೆಯುವವರ ಸಾಲಿನಲ್ಲಿ ಅವರು ಮುಂದಿರಲಿಲ್ಲ. ಅವರ ಆಟ ನಿಂತಿದ್ದೇ ಗ್ರೀನ್ ಮೇಲೆ ಮತ್ತು ಅದರ ಸುತ್ತಮುತ್ತ.

ಎರಡು ತಪ್ಪಲ್ಲ, ಒಂದೇ

ಕ್ಲಬ್ಬು ಮೊದಲು ಮಣ್ಣಿಗೆ ತಗಲಿದರೆ ಅದು ಫ್ಯಾಟ್. ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ತಗಲಿ ಚೆಂಡು ರೊಯ್ಯನೆ ಹೋದರೆ ಥಿನ್. ನೋಡಲು ಎರಡೂ ಉಲ್ಟಾ. ಹಾಗಾಗಿ ಫ್ಯಾಟ್ ಆದ ಮೇಲೆ ನಾವು ಮೈ ಮೇಲಕ್ಕೆ ಎಳೆದುಕೊಳ್ಳುತ್ತೇವೆ, ಥಿನ್ ಆದ ಮೇಲೆ ತಗ್ಗುತ್ತೇವೆ. ಎರಡೂ ಸುಮ್ನೆ ವ್ಯರ್ಥ.

ಬೀಸುವಾಗ ಕ್ಲಬ್ಬು ಉಯ್ಯಾಲೆಯ ಹಾಗೆ ಕೆಳಗೆ ಬಂದು ಮತ್ತೆ ಮೇಲೇರುತ್ತದೆ. ಅದು ಅತಿ ಕೆಳಗೆ ಬರುವ ಜಾಗ ಚೆಂಡಿನ ಹತ್ತಿರ, ಇಲ್ಲವೇ ಅದಕ್ಕಿಂತ ಚೂರು ಮುಂದೆ ಇರಬೇಕು. ಆ ಜಾಗ ಚೆಂಡಿನ ಹಿಂದೆ ಬಿದ್ದರೆ ಕ್ಲಬ್ಬು ನೆಲಕ್ಕೆ ಕಚ್ಚಬಹುದು, ಫ್ಯಾಟ್. ನೆಲ ತಪ್ಪಿಸಿಕೊಂಡರೂ ಮೇಲೇಳುತ್ತಾ ಚೆಂಡಿನ ಹೊಟ್ಟೆಗೆ ತಗಲುತ್ತದೆ, ಥಿನ್. ರೋಗ ಒಂದೇ.

ಅದು ಹಿಂದೆ ಬೀಳುವುದೇಕೆ? ಚೆಂಡನ್ನು ನಾವೇ ಎತ್ತಲು ಹೋಗುತ್ತೇವಲ್ಲ, ಅದಕ್ಕೆ. ಮೈಭಾರ ಹಿಂಗಾಲಿಗೆ ವಾಲುತ್ತದೆ, ಮಣಿಕಟ್ಟು ಸೌಟಿನಲ್ಲಿ ಸಾರು ಬಗ್ಗಿಸಿದ ಹಾಗೆ ಮಡಿಚಿಕೊಳ್ಳುತ್ತದೆ. ಸ್ಯಾಂಡ್ ವೆಜ್ ಅನ್ನುವ ಕ್ಲಬ್ಬಿನ ಮುಖ ಸುಮಾರು 56 ಡಿಗ್ರಿ ವಾಲಿರುವುದೇ ಚೆಂಡನ್ನು ಎತ್ತಲು. ಆ ಕೆಲಸ ಅದಕ್ಕೇ ಬಿಡಿ.

ಮೊದಲು ಗೆರೆ ಎಳೆಯಿರಿ

ಅಭ್ಯಾಸದ ಜಾಗದಲ್ಲಿ, ಅಲ್ಲಿನವರನ್ನು ಕೇಳಿಕೊಂಡು, ರಂಗೋಲಿ ಪುಡಿಯಲ್ಲಿ ಹುಲ್ಲಿನ ಮೇಲೆ ಎರಡು ಮೊಳದ ಗೆರೆ ಎಳೆಯಿರಿ. ಗೆರೆ ಗುರಿಯ ದಿಕ್ಕಿಗೆ ಅಡ್ಡವಾಗಿ, ನಿಮ್ಮ ಎರಡು ಕಾಲಿನ ಮಧ್ಯದಿಂದ ನಿಮ್ಮ ಎದುರಿಗೆ ಹೋಗಬೇಕು. ಚೆಂಡು ಬೇಡ. ಚಿಪ್ ಮಾಡುವ ಹಾಗೆ ಹತ್ತು ಸಲ ಬೀಸಿ. ಪ್ರತಿ ಸಲವೂ ಗೆರೆಯ ಉದ್ದಕ್ಕೆ ಸ್ವಲ್ಪ ಸರಿದು ನಿಲ್ಲಿ. ಕ್ಲಬ್ಬು ಹುಲ್ಲು ಸವರಿದ್ದು ಎಲ್ಲಿ? ಗೆರೆಯ ಮೇಲೆ ಅಥವಾ ಗುರಿಯ ಕಡೆ ಚೂರು ಮುಂದೆ ಇದ್ದರೆ ಒಳ್ಳೆಯದು. ನನ್ನ ಗುರುತುಗಳೆಲ್ಲ ನಾಲ್ಕು ಬೆರಳು ಹಿಂದಿದ್ದವು. ಅಂದು ಮೊದಲ ಸಲ ನನ್ನ ತಪ್ಪು ನನ್ನ ಕಣ್ಣಿಗೇ ಕಂಡಿತು.

ನಿಲ್ಲುವುದು, ಬೀಸುವುದು

ಇಲ್ಲಿ ಹೇಳುವುದು ಬಲಗೈ ಆಟಗಾರರಿಗೆ. ಎಡಗೈಯವರು ಉಲ್ಟಾ ಮಾಡಿಕೊಳ್ಳಿ.

ಕಾಲುಗಳ ನಡುವೆ ಒಂದು ಗೇಣು ಸಾಕು. ಮೈಭಾರದ ಮುಕ್ಕಾಲು ಪಾಲಿನ ಹತ್ತಿರ ಎಡಗಾಲ ಮೇಲೆ ಇರಲಿ, ಹೊಡೆದು ಮುಗಿಯುವ ತನಕ ಅಲ್ಲೇ ಇರಲಿ. ಕ್ಲಬ್ಬನ್ನು ಎರಡು ಇಂಚು ಕೆಳಗೆ ಹಿಡಿಯಿರಿ. ಚೆಂಡು ಕಾಲುಗಳ ಮಧ್ಯೆ.

ಎದೆ ಹಿಂದಕ್ಕೆ ತಿರುಗುತ್ತದೆ, ಮುಂದಕ್ಕೆ ತಿರುಗುತ್ತದೆ, ಕೈಗಳು ಜೊತೆಗೆ ಹೋಗುತ್ತವೆ. ಅಷ್ಟೇ. ಕೊನೆಯಲ್ಲಿ ಎದೆ ಗುರಿಯ ಕಡೆ ನೋಡುತ್ತಿರಬೇಕು. ದೊಡ್ಡದಾಗಿ ಹಿಂದಕ್ಕೆ ಎತ್ತಿ, ಅಯ್ಯೋ ಜಾಸ್ತಿಯಾಯಿತು ಎಂದು ನಡುವೆ ಬ್ರೇಕ್ ಹಾಕುವುದು ಇನ್ನೊಂದು ಚಾಳಿ. ಹಿಂದಕ್ಕೆ ಚಿಕ್ಕದಾಗಿ ಎತ್ತಿ, ಮುಂದಕ್ಕೆ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಹೋಗಲಿ. ಹೀಗೆ ಬ್ರೇಕ್ ಹಾಕುವವರ ಕ್ಲಬ್ಬು ಕೆಲವೊಮ್ಮೆ ಒಂದೇ ಬೀಸಿನಲ್ಲಿ ಚೆಂಡಿಗೆ ಎರಡು ಸಲ ತಗಲುವುದೂ ಉಂಟು. ಮೊದಲು ಅದಕ್ಕೆ ದಂಡದ ಹೊಡೆತ ಸೇರುತ್ತಿತ್ತು. 2019ರಿಂದ ಇಲ್ಲ, ನಮ್ಮಂಥವರ ಪುಣ್ಯ.

ಮಣಿಕಟ್ಟಿನ ಚಾಳಿ ಬಿಡಿಸಲು ಎಡಗೈ ಒಂದರಲ್ಲೇ ಚಿಪ್ ಮಾಡಿ ನೋಡಿ. ಬಲಗೈಯ ಚೇಷ್ಟೆ ಎಷ್ಟಿತ್ತು ಅನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಚೆಂಡಿನ ಹಿಂದೆ ಒಂದು ಗೇಣು ದೂರದಲ್ಲಿ ಟವೆಲ್ ಮಡಿಚಿಟ್ಟು ಎರಡು ಕೈಯಲ್ಲೂ ಹೊಡೆಯಿರಿ. ಟವೆಲ್‌ಗೆ ತಗಲಬಾರದು.

ಗರಿಕೆಯ ಗುಣ ತಿಳಿದಿರಲಿ

ಹೊರದೇಶದ ವಿಡಿಯೊ ನೋಡಿ ಕಲಿತದ್ದು ಇಲ್ಲಿ ಕೈಕೊಡುವುದಕ್ಕೆ ಹುಲ್ಲೂ ಕಾರಣ. ಬೆಂಗಳೂರಿನಂಥ ಊರುಗಳ ಗಾಲ್ಫ್ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ಹೆದರಬೇಡಿ, ಗಣಪತಿಗೆ ಏರಿಸುವ ಗರಿಕೆಯೇ ಅದು. ಕೋರ್ಸ್‌ಗೆಂದು ಬೆಳೆಸಿದ ತಳಿಗಳು ಬೇರೆ ಇರಬಹುದು, ಕುಲ ಅದೇ. ಗರಿಕೆ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ, ಎಸಳು ಒಂದು ಕಡೆಗೆ ವಾಲಿರುತ್ತದೆ. ನೀವು ನಿಂತ ಜಾಗದಿಂದ ಹುಲ್ಲು ಹೊಳೆದರೆ ಅದು ನಿಮ್ಮಿಂದ ಆಚೆ ವಾಲಿದೆ. ಮಂಕಾಗಿ ಕಂಡರೆ ನಿಮ್ಮ ಕಡೆಗೆ. ಮಂಕಾದ ಕಡೆಗೆ ಹೊಡೆಯುವಾಗ ಎಸಳು ಕ್ಲಬ್ಬನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಮಳೆಗಾಲದಲ್ಲಿ ಕೆಳಗಿನ ಮಣ್ಣೂ ಮೆತ್ತಗಿರುತ್ತದೆ, ಕೇಳುವುದೇ ಬೇಡ.

ಇಲ್ಲಿ ಒಂದು ಹಳೆಯ ಪಾಠದ ಬಗ್ಗೆ ನನಗೆ ತಕರಾರಿದೆ. 'ಚೆಂಡು ಹಿಂದೆ, ಕೈ ಮುಂದೆ' ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಕೈ ಚೂರು ಮುಂದಿದ್ದರೆ ಸರಿ. ತೀರಾ ಮುಂದಕ್ಕೆ ತಳ್ಳಿದರೆ ಕ್ಲಬ್ಬಿನ ಚೂಪಾದ ಅಂಚು ನೆಲಕ್ಕೆ ನೆಟ್ಟು ಗುದ್ದಲಿಯ ಕೆಲಸ ಮಾಡುತ್ತದೆ. ವೆಜ್‌ನ ತಳ ಉಬ್ಬಿರುತ್ತದೆ, ಅದನ್ನು ಬೌನ್ಸ್ ಅನ್ನುತ್ತಾರೆ. ನೆಲದಲ್ಲಿ ಹೂತುಕೊಳ್ಳದೆ ಜಾರಲಿ ಎಂದೇ ಆ ಉಬ್ಬು. ಒದ್ದೆ ಗರಿಕೆಯಲ್ಲಿ ಕ್ಲಬ್ಬಿನ ಹಿಡಿ ಎಡತೊಡೆಯ ಒಳಭಾಗವನ್ನು ದಾಟದಿರಲಿ. ಆ ತಳ ಅದರ ಕೆಲಸ ಮಾಡುತ್ತದೆ.

ಯಾವ ಕ್ಲಬ್ಬು?

ಎಲ್ಲದಕ್ಕೂ ಸ್ಯಾಂಡ್ ವೆಜ್ ಎತ್ತಿಕೊಳ್ಳುವವರೇ ಜಾಸ್ತಿ. ಪಿಚಿಂಗ್ ವೆಜ್, ಒಂಬತ್ತು ಮತ್ತು ಎಂಟನೇ ನಂಬರಿನ ಐರನ್ ಅನ್ನುವ ಕ್ಲಬ್ಬುಗಳ ಮುಖ ಒಂದಕ್ಕಿಂತ ಒಂದು ಕಡಿಮೆ ವಾಲಿರುತ್ತದೆ. ಸಮತಟ್ಟಾದ ಗ್ರೀನ್‌ನಲ್ಲಿ ಅಂದಾಜು ಹೀಗೆ: ಸ್ಯಾಂಡ್ ವೆಜ್‌ನಲ್ಲಿ ಚೆಂಡು ಹಾರಿದಷ್ಟೇ ದೂರ ಉರುಳುತ್ತದೆ, ಪಿಚಿಂಗ್ ವೆಜ್‌ನಲ್ಲಿ ಎರಡರಷ್ಟು, ಒಂಬತ್ತನೇ ಐರನ್‌ನಲ್ಲಿ ಮೂರರಷ್ಟು, ಎಂಟರಲ್ಲಿ ನಾಲ್ಕರಷ್ಟು. ಗ್ರೀನ್ ಒಳಗೆ ಒಂದು ಹೆಜ್ಜೆಯಾಚೆ ಒಂದು ಜಾಗ ಗುರುತಿಸಿ, ಚೆಂಡು ಅಲ್ಲಿ ಬೀಳಬೇಕು. ಚೆಂಡಿನಿಂದ ಅಲ್ಲಿಗೆ ನಾಲ್ಕು ಹೆಜ್ಜೆ, ಅಲ್ಲಿಂದ ಹೋಲ್‌ಗೆ ಎಂಟು ಹೆಜ್ಜೆ ಅಂದರೆ ಪಿಚಿಂಗ್ ವೆಜ್. ಇಳಿಜಾರಾದರೆ ಇನ್ನೂ ಹೆಚ್ಚು ಉರುಳುತ್ತದೆ, ಏರಾದರೆ ಕಡಿಮೆ.

ಗುರಿ ಹಿಡಿಯುವಾಗ ಕಣ್ಣು ಹೋಲ್ ಮೇಲಲ್ಲ, ಬೀಳುವ ಜಾಗದ ಮೇಲೆ. 2005ರ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ ಅಮೆರಿಕದ ಅಗಸ್ಟಾ ಕೋರ್ಸ್‌ನ 16ನೇ ಹೋಲ್‌ನಲ್ಲಿ ಟೈಗರ್ ವುಡ್ಸ್ ಚಿಪ್ ಮಾಡಿದ್ದು ಹೋಲ್ ಇದ್ದ ಕಡೆಗಲ್ಲ, ತುಂಬಾ ಎಡಕ್ಕೆ. ಚೆಂಡು ಇಳಿಜಾರಿನಲ್ಲಿ ತಿರುಗಿ ಬಂದು ಹೋಲ್‌ನ ಅಂಚಿನಲ್ಲಿ ಕ್ಷಣ ನಿಂತು ಒಳಗೆ ಬಿತ್ತು. ಆ ಟೂರ್ನಿಯನ್ನು ಅವರೇ ಗೆದ್ದರು.

ಚೆಂಡು ಗ್ರೀನ್ ಅಂಚಿನ ಸಣ್ಣ ಹುಲ್ಲಿನಲ್ಲಿದ್ದರೆ ಚಿಪ್ಪೇ ಬೇಡ, ಪಟ್ಟರ್ ತೆಗೆಯಿರಿ. ನೋಡುವವರು ಏನಾದರೂ ಅಂದುಕೊಳ್ಳಲಿ.

ಮನೆಯಲ್ಲಿ

ತೆಂಗಿನ ನಾರಿನ ಡೋರ್‌ಮ್ಯಾಟ್, ಪ್ಲಾಸ್ಟಿಕ್ ಚೆಂಡು, ಆರು ಹೆಜ್ಜೆ ದೂರದಲ್ಲಿ ಒಂದು ಹಳೆಯ ಬೆಡ್‌ಶೀಟ್. ತಾರಸಿಯ ಮೇಲೆ ದಿನಕ್ಕೆ ಹತ್ತು ನಿಮಿಷ ಸಾಕು. ಕೋರ್ಸ್‌ಗೆ ಹೋದಾಗ ಮಾತ್ರ ಒಂದೇ ಜಾಗದಿಂದ ಬಕೆಟ್‌ಗಟ್ಟಲೆ ಹೊಡೆಯಬೇಡಿ. ಒಂದೇ ಚೆಂಡು ಹಿಡಿದು ಹತ್ತು ಬೇರೆ ಬೇರೆ ಜಾಗದಿಂದ ಚಿಪ್ ಮಾಡಿ, ಪ್ರತಿ ಸಲ ಪಟ್ಟರ್ ಹಿಡಿದು ಹೋಲ್ ಮುಗಿಸಿ. ಒಂದು ಚಿಪ್, ಒಂದು ಪಟ್, ಎರಡರಲ್ಲೇ ಮುಗಿದದ್ದು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ನನ್ನದು ಹೋದ ವರ್ಷ ಹತ್ತರಲ್ಲಿ ಒಂದು. ಈಗ ನಾಲ್ಕು, ಮಳೆ ಬಂದ ದಿನ ಮೂರು.