ಹೊಸಬರಿಗೆ ಮಾರ್ಗದರ್ಶಿ: ಇಂಗ್ಲಿಷಿನಲ್ಲಿ ಕೆಲಸಕ್ಕೆ ಪತ್ರ ಬರೆಯುವುದು

ಹೊರದೇಶಕ್ಕೆ ಹೊಸದಾಗಿ ಬಂದ ಕುಟುಂಬದವರ ಉದ್ಯೋಗದ ಪತ್ರಗಳನ್ನು ಓದಿ ತಿದ್ದಿಕೊಡುವ ಕೆಲಸ ನಮ್ಮ ಕನ್ನಡ ಸಂಘದಲ್ಲಿ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬರೆದವರು ಎಂಜಿನಿಯರುಗಳು, ಶಿಕ್ಷಕಿಯರು, ದಾದಿಯರು, ಲೆಕ್ಕಪತ್ರ ನೋಡಿದವರು. ಇಂಗ್ಲಿಷ್ ಚೆನ್ನಾಗಿಯೇ ಬಲ್ಲವರು. ಆದರೂ ಪತ್ರ ಕೈಗೆತ್ತಿಕೊಂಡರೆ ನನಗೆ ಶಾಲೆಯ ರಜಾ ಅರ್ಜಿ ನೆನಪಾಗುತ್ತದೆ. ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’, ಕೊನೆಗೆ ‘ಇಂತಿ ತಮ್ಮ ವಿಧೇಯ’ ಎಂಬ ಆ ಅಚ್ಚು ನಮ್ಮ ಕೈಯನ್ನು ಇನ್ನೂ ಬಿಟ್ಟಿಲ್ಲ. ಇಂಗ್ಲಿಷಿಗೆ ಬಂದಾಗ ಅದೇ ‘ರೆಸ್ಪೆಕ್ಟೆಡ್ ಸರ್’ ಆಗುತ್ತದೆ, ‘ಯುವರ್ಸ್ ಒಬೀಡಿಯೆಂಟ್ಲಿ’ ಆಗುತ್ತದೆ.

‘ಅರ್ಜಿ’ ಅರಬ್ಬಿ-ಪಾರಸಿ ಮೂಲದಿಂದ ಬಂದ ಪದ. ಮೇಲಿನವರ ಮುಂದೆ ಇಡುವ ಬಿನ್ನಹ ಎಂಬುದು ಅದರ ಅರ್ಥ. ಕೈಕಟ್ಟಿ ನಿಂತ ಭಂಗಿ ಆ ಪದದೊಳಗೇ ಇದೆ. ಇಂಗ್ಲಿಷಿನ ಕವರ್ ಲೆಟರಿಗೆ, ಅಂದರೆ ರೆಸ್ಯೂಮೆಯ ಜೊತೆ ಕಳುಹಿಸುವ ಪತ್ರಕ್ಕೆ, ಈ ಭಂಗಿ ಒಗ್ಗುವುದಿಲ್ಲ. ಅದನ್ನು ಓದುವವರಿಗೆ ಒಂದು ತೊಂದರೆಯಿದೆ: ಕೆಲಸ ಬಾಕಿ ಬಿದ್ದಿದೆ, ಮಾಡುವವರು ಬೇಕಾಗಿದ್ದಾರೆ. ‘ಆ ಕೆಲಸ ನನಗೆ ಬರುತ್ತದೆ, ಇಗೋ ಆಧಾರ’ ಎಂದು ಅವರಿಗೆ ತಿಳಿಸುವುದಕ್ಕೆ ಈ ಪತ್ರ. ಮುಂದಿನ ಸಲಹೆಗಳೆಲ್ಲ ಇದೊಂದು ಮಾತಿನಿಂದ ಹುಟ್ಟಿದವು.

ಮೊದಲು ಕನ್ನಡದಲ್ಲಿ ಯೋಚಿಸಿ

ಜಾಹೀರಾತನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಓದಿ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಅವರು ಕೇಳಿರುವ ಒಂದೊಂದು ಅಂಶ, ಬಲಗಡೆ ಅದನ್ನು ನೀವು ಮಾಡಿದ ಒಂದು ನಿಜವಾದ ಸಂದರ್ಭ. ಇದನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ನೇರವಾಗಿ ಶುರು ಮಾಡಿದರೆ ಎಲ್ಲೋ ಓದಿದ ಸಿದ್ಧವಾಕ್ಯಗಳು ಮುಂದೆ ಬಂದು ನಿಲ್ಲುತ್ತವೆ. ಕನ್ನಡದಲ್ಲಿ ಬರೆದರೆ ನಡೆದದ್ದು ನೆನಪಿಗೆ ಬರುತ್ತದೆ.

ಬ್ರಿಟಿಷ್ ರೀತಿಯ ಜಾಹೀರಾತುಗಳಲ್ಲಿ ಅರ್ಹತೆಗಳನ್ನು ಸಾಮಾನ್ಯವಾಗಿ ‘ಎಸೆನ್ಷಿಯಲ್’, ‘ಡಿಸೈರಬಲ್’ ಎಂದು ಎರಡಾಗಿ ಒಡೆದಿರುತ್ತಾರೆ. ಮೊದಲನೆಯದು ಇರಲೇಬೇಕಾದದ್ದು, ಎರಡನೆಯದು ಇದ್ದರೆ ಒಳ್ಳೆಯದು. ಎರಡನೆಯ ಪಟ್ಟಿಯಲ್ಲಿ ಒಂದೆರಡು ಇಲ್ಲವೆಂದು ಹೆದರಿ ಕೈಬಿಡುವವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಬಹಳ ಕಂಡಿದ್ದೇನೆ. ಬಿಡಬೇಡಿ. ಆದರೆ ಮೊದಲ ಪಟ್ಟಿಯ ಎದುರು ಬಲಗಡೆ ಅರ್ಧಕ್ಕರ್ಧ ಖಾಲಿಯಿದ್ದರೆ ಆ ಸಂಜೆಯನ್ನು ಬೇರೊಂದು ಜಾಹೀರಾತಿಗೆ ಕೊಡಿ.

ಇನ್ನೊಂದು ಮಾತು. ದೊಡ್ಡ ಸಂಸ್ಥೆಗಳಲ್ಲಿ ಮನುಷ್ಯರಿಗಿಂತ ಮೊದಲು ತಂತ್ರಾಂಶ ಓದುವುದುಂಟು. ಅದು ಜಾಹೀರಾತಿನ ಪದಗಳನ್ನು ನಿಮ್ಮ ಪತ್ರದಲ್ಲಿ, ರೆಸ್ಯೂಮೆಯಲ್ಲಿ ಹುಡುಕುತ್ತದೆ. ಅವರು ‘ಅಕೌಂಟ್ಸ್ ಪೇಯಬಲ್’ ಎಂದಿದ್ದರೆ ನೀವೂ ಅದನ್ನೇ ಬರೆಯಿರಿ, ಅದಕ್ಕೆ ಸಮಾನಾರ್ಥಕ ಹುಡುಕಬೇಡಿ. ಪದವೈವಿಧ್ಯ ಪ್ರಬಂಧಕ್ಕೆ ಚೆಂದ.

ವಿಳಾಸ, ದಿನಾಂಕ, ಸಂಬೋಧನೆ

ಮೇಲೆ ನಿಮ್ಮ ವಿಳಾಸ, ಫೋನ್, ಇಮೇಲ್. ಅದರ ಕೆಳಗೆ ದಿನಾಂಕ, ಆಮೇಲೆ ಅವರ ವಿಳಾಸ. ದಿನಾಂಕದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. 03/05 ಎಂದರೆ ನಮಗೂ ಬ್ರಿಟಿಷರಿಗೂ ಮೇ 3, ಅಮೆರಿಕದವರಿಗೆ ಮಾರ್ಚ್ 5.

ಸಂಬೋಧನೆ ‘ಡಿಯರ್’ ಎಂದೇ ಶುರುವಾಗಬೇಕು. ‘ಪ್ರಿಯ’ ಎಂಬ ಅರ್ಥ ನೆನಪಾಗಿ ಸಂಕೋಚಪಡುವವರಿದ್ದಾರೆ. ಅಲ್ಲಿ ಪ್ರೀತಿಯೇನೂ ಇಲ್ಲ, ಅದು ನಮ್ಮ ‘ಮಾನ್ಯರೇ’ ಇದ್ದಂತೆ. ಮಿಸ್ಟರ್ ಆಗಲಿ ಮಿಝ್ ಆಗಲಿ, ಅದರ ಮುಂದೆ ಮನೆತನದ ಹೆಸರು ಬರಬೇಕು, ಕರೆಯುವ ಹೆಸರಲ್ಲ. ‘ಮಿಸ್ಟರ್ ಜಾನ್’ ತಪ್ಪು, ‘ಮಿಸ್ಟರ್ ಸ್ಮಿತ್’ ಸರಿ. ಹೆಂಗಸರಿಗೆ ಮಿಸೆಸ್, ಮಿಸ್ ಎಂಬ ಗೊಂದಲವೇ ಬೇಡ, ಮಿಝ್ ಸಾಕು. ಮದುವೆಯ ವಿಚಾರ ನಮಗೆ ಸಂಬಂಧಪಟ್ಟದ್ದಲ್ಲ. ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯದಿದ್ದರೆ ಪೂರ್ತಿ ಹೆಸರು ಬರೆಯಿರಿ. ಹೆಸರೇ ಗೊತ್ತಿಲ್ಲದಿದ್ದರೆ ಸಂಸ್ಥೆಯ ಜಾಲತಾಣದಲ್ಲಿ ಹತ್ತು ನಿಮಿಷ ಹುಡುಕಿ ನೋಡಿ. ಸಿಗಲಿಲ್ಲವೆಂದರೆ ‘ಡಿಯರ್ ಹೈರಿಂಗ್ ಮ್ಯಾನೇಜರ್’ ನಡೆಯುತ್ತದೆ.

ಮುಕ್ತಾಯಕ್ಕೂ ಸಂಬೋಧನೆಗೂ ಜೋಡಿಯಿದೆ. ಬ್ರಿಟಿಷ್ ಪದ್ಧತಿಯಲ್ಲಿ ಹೆಸರು ಹಿಡಿದು ಕರೆದಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’, ‘ಡಿಯರ್ ಸರ್ ಆರ್ ಮೇಡಂ’ ಎಂದಿದ್ದರೆ ‘ಯುವರ್ಸ್ ಫೇತ್‌ಫುಲಿ’. ಅಮೆರಿಕದಲ್ಲಿ ಎರಡಕ್ಕೂ ಬರಿಯ ‘ಸಿನ್ಸಿಯರ್ಲಿ’ ಸಾಕು. ಅಲ್ಲಿ ಸಂಬೋಧನೆಯ ಮುಂದೆ ಕೋಲನ್ ಹಾಕುತ್ತಾರೆ, ಮಿಸ್ಟರ್ ಎಂಬುದರ ಸಂಕ್ಷೇಪಕ್ಕೆ ಚುಕ್ಕೆಯೂ ಬೇಕು. ಬ್ರಿಟನ್ನಿನಲ್ಲಿ ಅಲ್ಪವಿರಾಮ ಸಾಕು, ಸಂಕ್ಷೇಪಕ್ಕೆ ಚುಕ್ಕೆ ಹಾಕುವ ರೂಢಿ ಇಲ್ಲ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ನಡೆಯಿರಿ. ಕಾಗುಣಿತಕ್ಕೂ ಈ ಮಾತು ಸಲ್ಲುತ್ತದೆ: ‘ಆರ್ಗನೈಸೇಷನ್’ ಬ್ರಿಟನ್ನಿನಲ್ಲಿ ಬಹುಪಾಲು ‘ಎಸ್’, ಅಮೆರಿಕದಲ್ಲಿ ‘ಝಡ್’.

ನಮ್ಮ ಹೆಸರಿನ ಗೋಜಲು

ಇದಕ್ಕೆ ಸ್ವಲ್ಪ ಹೊತ್ತು ಕೊಡಿ, ಏಕೆಂದರೆ ಮುಂದೆ ಸಂಬಳದ ಚೀಟಿಯವರೆಗೂ ಇದು ಬೆನ್ನಟ್ಟುತ್ತದೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ. ಊರಿನದೊಂದು, ತಂದೆಯದೊಂದು ಎಂದು ಎರಡು ಇನಿಷಿಯಲ್, ಆಮೇಲೆ ಸ್ವಂತ ಹೆಸರು. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ತಂದೆಯ ಹೆಸರೋ ಊರಿನ ಹೆಸರೋ ‘ಸರ್‌ನೇಮ್’ ಆಗಿ ಕುಳಿತಿರುತ್ತದೆ. ಅಂಕಪಟ್ಟಿಯಲ್ಲಿ ಒಂದು ರೂಪ, ವೀಸಾದಲ್ಲಿ ಇನ್ನೊಂದು. ಪತ್ರದಲ್ಲಿ ಮೂರನೆಯದನ್ನು ಸೃಷ್ಟಿಸಬೇಡಿ. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಪತ್ರ, ರೆಸ್ಯೂಮೆ, ಇಮೇಲ್ ಮೂರರಲ್ಲೂ ಇರಲಿ. ಪ್ರಮಾಣಪತ್ರದಲ್ಲಿ ಬೇರೆ ಇದ್ದರೆ ಪತ್ರದಲ್ಲಿ ವಿವರಣೆ ಬೇಡ. ದಾಖಲೆ ಪರಿಶೀಲನೆಯ ಹಂತದಲ್ಲಿ ಕೇಳುತ್ತಾರೆ, ಆಗ ಹೇಳಿದರಾಯಿತು. ಉದ್ದದ ಹೆಸರನ್ನು ಅವರ ನಾಲಗೆಗೆ ಅನುಕೂಲವಾಗಲೆಂದು ‘ಸ್ಯಾಮ್’, ‘ಕ್ರಿಸ್’ ಮಾಡಿಕೊಳ್ಳುವುದು ನಿಮ್ಮಿಷ್ಟ. ನಾನಂತೂ ಮಾಡಿಕೊಳ್ಳಲಿಲ್ಲ, ಅವರೂ ನಿಧಾನವಾಗಿ ಕಲಿತರು.

ಒಂದು ಪುಟ, ನಾಲ್ಕು ಪ್ಯಾರಾ

ಪುಟ ಒಂದೇ. ಮುನ್ನೂರರಿಂದ ನಾನೂರು ಪದ. ಮೊದಲ ಪ್ಯಾರಾದಲ್ಲಿ ಯಾವ ಹುದ್ದೆ, ಎಲ್ಲಿ ನೋಡಿದಿರಿ, ಜಾಹೀರಾತಿಗೆ ಉಲ್ಲೇಖ ಸಂಖ್ಯೆ ಇದ್ದರೆ ಅದು, ಮತ್ತು ನಿಮ್ಮ ಕೈಯಲ್ಲಿರುವ ಅತ್ಯಂತ ಬಲವಾದ ಒಂದು ಕಾರಣ. ಆ ಕಾರಣವನ್ನು ಮೂರನೆಯ ಪ್ಯಾರಾಕ್ಕೆಂದು ಉಳಿಸಿಕೊಂಡರೆ ಅಷ್ಟು ದೂರ ಯಾರೂ ಬರದೆಯೇ ಇರಬಹುದು.

ಎರಡನೆಯದರಲ್ಲಿ ನಿಮ್ಮ ಹಾಳೆಯ ಬಲಗಡೆಯಿಂದ ಆಯ್ದ ಎರಡು ಅಥವಾ ಮೂರು ಸಂದರ್ಭಗಳು. ನಮ್ಮವರು ಎಡವುವುದು ಇಲ್ಲಿಯೇ. ತನ್ನನ್ನು ತಾನು ಹೊಗಳಿಕೊಳ್ಳಬಾರದೆಂದು ಕೇಳಿ ಬೆಳೆದವರು ನಾವು. ಆದ್ದರಿಂದ ಒಂದೋ ಎಲ್ಲವನ್ನೂ ‘ನಾವು ಮಾಡಿದೆವು’ ಎಂದು ತಂಡದ ಹೆಗಲಿಗೆ ಹಾಕುತ್ತೇವೆ, ಇಲ್ಲವೇ ಒಮ್ಮೆಲೇ ಕಟ್ಟೆಯೊಡೆದು ‘ಶ್ರಮಜೀವಿ, ಪ್ರಾಮಾಣಿಕ, ಸಮರ್ಥ, ಎಲ್ಲರೊಡನೆ ಹೊಂದಿಕೊಳ್ಳುವವಳು’ ಎಂದು ಬಿರುದಾವಳಿ ಬರೆಯುತ್ತೇವೆ. ಎರಡೂ ಓದುವವರಿಗೆ ಏನನ್ನೂ ತಿಳಿಸುವುದಿಲ್ಲ. ಹೀಗೆ ಬರೆದು ನೋಡಿ: ‘ತಿಂಗಳ ಲೆಕ್ಕ ಮುಗಿಯಲು ಒಂಬತ್ತು ದಿನ ಹಿಡಿಯುತ್ತಿತ್ತು. ಬಿಲ್ಲುಗಳನ್ನು ವಾರವಾರವೂ ತಾಳೆ ನೋಡುವ ಕ್ರಮವನ್ನು ನಾನು ಶುರು ಮಾಡಿದೆ. ಮೂರು ತಿಂಗಳಲ್ಲಿ ಅದು ಐದು ದಿನಕ್ಕೆ ಇಳಿಯಿತು.’ ಇದರಲ್ಲಿ ಒಂದಾದರೂ ಹೊಗಳಿಕೆಯ ಪದವಿದೆಯೇ? ನಡೆದದ್ದನ್ನು ಹೇಳಿದ್ದೀರಿ, ಅಷ್ಟೇ. ಜಂಬ ಎನ್ನುವಂಥದ್ದು ಏನೂ ಇಲ್ಲ. ಈ ಮೂರು ವಾಕ್ಯಗಳನ್ನು ಇಂಗ್ಲಿಷಿಗೆ ತರಲು ದೊಡ್ಡ ಪದಗಳೂ ಬೇಕಿಲ್ಲ.

ಅಂಕಿಗಳನ್ನು ಬರೆಯುವಾಗ ಲಕ್ಷ, ಕೋಟಿ ಬೇಡ. 25 ಲಕ್ಷ ಎಂಬುದು 2.5 ಮಿಲಿಯನ್. ಅಲ್ಪವಿರಾಮದ ಜಾಗವೂ ಬದಲಾಗುತ್ತದೆ: 25,00,000 ಅಲ್ಲ, 2,500,000. ‘ಪಿಯುಸಿ’ ಎಂದರೆ ಅವರಿಗೆ ತಿಳಿಯದು. ಶಾಲೆಯ ಹನ್ನೊಂದು, ಹನ್ನೆರಡನೆಯ ವರ್ಷ ಎಂದು ಬಿಡಿಸಿ ಬರೆಯಿರಿ. ಪದವಿ ಇದ್ದವರು ಪಿಯುಸಿಯನ್ನು ಪತ್ರದಲ್ಲಿ ತರುವುದೇ ಬೇಡ.

ಮೂರನೆಯ ಪ್ಯಾರಾ ಈ ಸಂಸ್ಥೆಯೇ ಏಕೆ ಎಂಬುದಕ್ಕೆ. ‘ನಿಮ್ಮ ಪ್ರತಿಷ್ಠಿತ ಸಂಸ್ಥೆ’ ಎಂದರೆ ಸಾಲದು. ಅವರ ಹೆಸರನ್ನು ಅಳಿಸಿ ಇನ್ನೊಂದು ಸಂಸ್ಥೆಯ ಹೆಸರು ಬರೆದರೂ ಆ ವಾಕ್ಯ ಹೊಂದಿಕೊಳ್ಳುವಂತಿದ್ದರೆ ಅದನ್ನು ತೆಗೆದುಹಾಕಿ. ಕೊನೆಯದು ಚಿಕ್ಕದು: ಯಾವಾಗಿನಿಂದ ಬರಬಲ್ಲಿರಿ, ಕೆಲಸ ಮಾಡಲು ನಿಮ್ಮ ವೀಸಾದಲ್ಲಿ ಅನುಮತಿ ಇದೆ ಎಂಬ ಒಂದು ವಾಕ್ಯ, ಮತ್ತು ಧನ್ಯವಾದ. ಸಂಗಾತಿಯ ವೀಸಾದ ಮೇಲೆ ಬಂದವರು ಆ ವಾಕ್ಯ ಬರೆಯುವ ಮೊದಲು ಅನುಮತಿ ನಿಜಕ್ಕೂ ಇದೆಯೇ ಎಂದು ವೀಸಾ ಪತ್ರದಲ್ಲೇ ಓದಿ ಖಚಿತಪಡಿಸಿಕೊಳ್ಳಿ. ಈ ವಿಷಯದಲ್ಲಿ ಸ್ನೇಹಿತರ ಮಾತು ಸಾಲದು.

ಮಕ್ಕಳಿಗಾಗಿಯೋ ಊರು ಬಿಟ್ಟು ಬಂದದ್ದಕ್ಕೋ ಕೆಲಸ ನಿಂತ ವರ್ಷಗಳಿದ್ದರೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಆ ವರ್ಷಗಳಲ್ಲಿ ಕೋರ್ಸ್ ಮಾಡಿದ್ದರೆ, ಸಂಘದ ಲೆಕ್ಕ ನೋಡಿದ್ದರೆ, ಮಕ್ಕಳಿಗೆ ಕನ್ನಡ ಕಲಿಸಿದ್ದರೆ ಅದನ್ನೂ ಸೇರಿಸಿ. ಕ್ಷಮೆ ಮಾತ್ರ ಕೇಳಬೇಡಿ.

ಇಂಗ್ಲಿಷಿನ ಬಟ್ಟೆ ತೊಟ್ಟ ಕನ್ನಡ

‘ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುವಾಗಿನ ಆ ‘ಇಂದ’ ಇದೆಯಲ್ಲ, ಅದು ನಮ್ಮಿಂದ ‘ಸಿನ್ಸ್ ಎಯ್ಟ್ ಇಯರ್ಸ್’ ಎಂದು ಬರೆಸುತ್ತದೆ. ಕಾಲದ ಉದ್ದ ಹೇಳುವಾಗ ‘ಫಾರ್’, ಶುರುವಾದ ವರ್ಷ ಹೇಳುವಾಗ ‘ಸಿನ್ಸ್’. ‘ಅನುಭವ ಹೊಂದಿದ್ದೇನೆ’ ಎಂಬುದು ‘ಐ ಆ್ಯಮ್ ಹ್ಯಾವಿಂಗ್’ ಆಗುತ್ತದೆ. ‘ಐ ಹ್ಯಾವ್’ ಎಂದರೆ ಮುಗಿಯಿತು. ‘2012ರಲ್ಲಿ ಪಾಸ್ಡ್ ಔಟ್’ ಎಂದು ಬರೆದರೆ ಓದುವವರು ನೀವು ಆ ವರ್ಷ ಮೂರ್ಛೆ ಹೋದಿರೆಂದು ತಿಳಿಯುತ್ತಾರೆ, ‘ಗ್ರಾಜುಯೇಟೆಡ್’ ಎನ್ನಿ. ‘ರಿವರ್ಟ್’ ಎಂದರೆ ಅವರಿಗೆ ಹಿಂದಿನ ಸ್ಥಿತಿಗೆ ಮರಳುವುದು, ಉತ್ತರಿಸುವುದಲ್ಲ. ‘ಡೂ ದ ನೀಡ್‌ಫುಲ್’, ‘ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್ ಹಿಯರ್‌ವಿತ್’, ‘ಐ ಬೆಗ್ ಟು ಸ್ಟೇಟ್’ ಇವೆಲ್ಲ ಹಳೆಯ ಕಚೇರಿ ಕಡತಗಳಿಂದ ನಮಗೆ ಬಂದ ಬಳುವಳಿ. ಇವು ತಪ್ಪೆಂದು ನಾನು ಹೇಳುವುದಿಲ್ಲ, ನಮ್ಮ ನಡುವೆ ಇವುಗಳಿಗೊಂದು ಬದುಕಿದೆ. ಆದರೆ ಪತ್ರ ತಲುಪಬೇಕಾದ ಮೇಜಿನ ಮೇಲೆ ಇವು ತುಕ್ಕು ಹಿಡಿದಂತೆ ಕಾಣುತ್ತವೆ.

‘ದಯವಿಟ್ಟು ಒಂದು ಅವಕಾಶ ಕೊಟ್ಟರೆ ಜೀವನಪೂರ್ತಿ ಋಣಿಯಾಗಿರುತ್ತೇನೆ’ ಎಂಬ ವಾಕ್ಯ ಈಗಲೂ ವರ್ಷಕ್ಕೊಂದೆರಡು ಪತ್ರಗಳಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ಮೊದಲ ಪತ್ರದಲ್ಲೂ ಇತ್ತು. ಉತ್ತರ ಬರಲಿಲ್ಲ.

ಬರೆಯಬಾರದ್ದು

ಜನ್ಮದಿನಾಂಕ, ಧರ್ಮ, ವೈವಾಹಿಕ ಸ್ಥಿತಿ, ತಂದೆಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಯಾವುದೂ ಬೇಡ. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಫೋಟೋ ಕೂಡ ಅಂಟಿಸುವುದಿಲ್ಲ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ, ವಯಸ್ಸಿನ ತಾರತಮ್ಯ ತಡೆಯುವ 1967ರ ಕಾಯ್ದೆ, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಇವುಗಳಿಂದಾಗಿ ಇಂಥ ವಿವರಗಳ ಮೇಲೆ ಆಯ್ಕೆ ಮಾಡಿದರೆಂಬ ಆರೋಪಕ್ಕೆ ಸಂಸ್ಥೆಗಳು ಹೆದರುತ್ತವೆ. ನೀವಾಗಿ ಬರೆದು ಕಳುಹಿಸಿದರೆ ಅವರಿಗೆ ಇರುಸುಮುರುಸು. ‘ಮೇಲಿನ ವಿವರಗಳೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಘೋಷಣೆಯೂ ಬೇಡ. ಕೇಳದ ಹೊರತು ಹಿಂದಿನ ಸಂಬಳವೂ ಬೇಡ.

ಮಾದರಿ ಪತ್ರ ಏಕೆ ಕೊಟ್ಟಿಲ್ಲ

ಮೊದಲು ಕೊಡುತ್ತಿದ್ದೆವು. ಒಮ್ಮೆ ನಮ್ಮ ಇಬ್ಬರು ಸದಸ್ಯರು ಒಂದೇ ಹುದ್ದೆಗೆ, ಒಂದೇ ವಾರ, ಹೆಸರು ಬಿಟ್ಟರೆ ಅಕ್ಷರ ವ್ಯತ್ಯಾಸವಿಲ್ಲದ ಪತ್ರ ಕಳುಹಿಸಿದರು. ಅಲ್ಲಿಗೆ ನಿಲ್ಲಿಸಿದೆವು. ಈಗ ಆ ಕೆಲಸವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿವೆ. ವ್ಯಾಕರಣ ತಿದ್ದಿಸಿಕೊಳ್ಳಲು ಅವುಗಳನ್ನು ಬಳಸಿ, ತಕರಾರಿಲ್ಲ. ಆದರೆ ನಡೆದದ್ದನ್ನು ನೀವೇ ಬರೆದುಕೊಡಿ. ನೀವು ಮಾಡದ ಕೆಲಸವನ್ನೂ ಅವು ಧಾರಾಳವಾಗಿ ನಿಮ್ಮ ಖಾತೆಗೆ ಜಮಾ ಮಾಡುವುದುಂಟು. ಸಂದರ್ಶನದಲ್ಲಿ ಅದನ್ನು ವಿವರಿಸಬೇಕಾದವರು ನೀವು.

ಕಳುಹಿಸುವಾಗ

ಇಮೇಲಿನ ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಉಲ್ಲೇಖ ಸಂಖ್ಯೆ, ನಿಮ್ಮ ಹೆಸರು. ಪತ್ರವನ್ನು ಪಿಡಿಎಫ್ ಮಾಡಿ ಲಗತ್ತಿಸಿ. ಕಡತಕ್ಕೆ ‘ಫೈನಲ್ ನ್ಯೂ 3’ ಎಂಬ ಹೆಸರು ಬೇಡ. ಕಾಲೇಜಿನ ದಿನಗಳಲ್ಲಿ ಗೆಳೆಯರು ಇಟ್ಟ ಅಡ್ಡಹೆಸರಿನ ಇಮೇಲ್ ವಿಳಾಸವಿದ್ದರೆ ಇವತ್ತೇ ಹೊಸದೊಂದು ಮಾಡಿಕೊಳ್ಳಿ. ಕಳುಹಿಸುವ ಮೊದಲು ಗಟ್ಟಿಯಾಗಿ ಓದಿ, ಸಂಸ್ಥೆಯ ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿ. ಹಳೆಯ ಪತ್ರವನ್ನೇ ತಿದ್ದಿ ಬರೆಯುವವರು ಹಿಂದಿನ ಸಂಸ್ಥೆಯ ಹೆಸರನ್ನು ಎಲ್ಲೋ ಒಂದು ಮೂಲೆಯಲ್ಲಿ ಬಿಟ್ಟಿರುತ್ತಾರೆ.

ಎರಡು ವಾರ ಕಾದು ಸುದ್ದಿ ಬರದಿದ್ದರೆ ಮೂರು ಸಾಲಿನ ಒಂದು ಇಮೇಲ್ ಬರೆದು ವಿಚಾರಿಸಬಹುದು, ಒಮ್ಮೆ ಮಾತ್ರ. ಜಾಹೀರಾತಿನ ಪ್ರತಿಯನ್ನು ಪತ್ರದ ಜೊತೆಗೇ ಇಟ್ಟುಕೊಳ್ಳಿ. ಸಂದರ್ಶನಕ್ಕೆ ಕರೆ ಬರುವ ಹೊತ್ತಿಗೆ ಅದು ಜಾಲತಾಣದಿಂದ ಮಾಯವಾಗಿರುತ್ತದೆ, ಅವರು ಏನು ಕೇಳಿದ್ದರು ಎಂಬುದು ನಿಮಗೂ ಮರೆತಿರುತ್ತದೆ.