ಊಟದ ಮೇಜಿನಿಂದ ನಗರ ಪ್ರವಾಸ: ನನ್ನ ಅನುಭವ

ನಗರ ಪ್ರವಾಸದ ಯೋಜನೆಯನ್ನು ಮಧ್ಯಾಹ್ನದ ಊಟದಿಂದಲೇ ಆರಂಭಿಸುತ್ತೇನೆ ಎಂದಾಗ ಜೊತೆಗೆ ಬರಬೇಕಿದ್ದ ಬಂಧುಗಳು ಯಾರೂ ಒಪ್ಪಲಿಲ್ಲ. ಮೊದಲು ಸ್ಥಳಗಳ ಪಟ್ಟಿ ಮಾಡಬೇಕು, ಊಟ ಸಿಕ್ಕಲ್ಲಿ ಆದೀತು ಎಂಬುದು ಅವರ ವಾದ. ಆ ಕ್ರಮದಲ್ಲಿ ನಾವು ವರ್ಷಗಟ್ಟಲೆ ತಿರುಗಿದ್ದೆವು. ಒಂದೂವರೆ ಗಂಟೆಯ ಹೊತ್ತಿಗೆ ಮಕ್ಕಳು ಹಸಿದು ಹಠ ಹಿಡಿಯುತ್ತಿದ್ದರು, ಹಿರಿಯರ ಕಾಲು ಸೋಲುತ್ತಿತ್ತು, ಕೊನೆಗೆ ಸ್ಮಾರಕದ ಎದುರಿನ ಹೋಟೆಲಿಗೇ ನುಗ್ಗಿ, ಎರಡು ಬೀದಿ ಒಳಗೆ ಸಿಗುತ್ತಿದ್ದ ಊಟಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಹಣ ತೆರುತ್ತಿದ್ದೆವು. ನಗರದ ಹಲವು ಸ್ಥಳಗಳಿಗೆ ಒಟ್ಟಾಗಿ ಪ್ರವೇಶ ಕೊಡುವ ಸಿಟಿ ಪಾಸ್ ಕೂಡ ನಮಗೆ ಗಿಟ್ಟಲಿಲ್ಲ. ಅದರ ಹಣ ಹುಟ್ಟಬೇಕಾದರೆ ದಿನಕ್ಕೆ ಮೂರು-ನಾಲ್ಕು ಕಡೆ ಓಡಬೇಕು, ಅನೇಕ ಮ್ಯೂಸಿಯಂಗಳಲ್ಲಿ ಹೇಗೂ ಉಚಿತ ಪ್ರವೇಶವಿರುವ ಮಕ್ಕಳಿಗೂ ಪಾಸ್ ಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈಗ ಮೊದಲು ಹನ್ನೆರಡೂವರೆಯ ಸುಮಾರಿಗೆ ಮೇಜು ಕಾದಿರಿಸುತ್ತೇನೆ. ಸಂಜೆ ಕೈಗೆಟುಕದ ರೆಸ್ಟೋರೆಂಟ್‌ಗಳೇ ಮಧ್ಯಾಹ್ನ ನಿಗದಿತ ಮೆನುವನ್ನು ಕಡಿಮೆ ಬೆಲೆಗೆ ಕೊಡುವುದುಂಟು. ಆ ಮೇಜಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ಬರುವ ಒಂದೇ ಒಂದು ದೊಡ್ಡ ಸ್ಥಳವನ್ನು ಬೆಳಗಿಗೆ ಆರಿಸಿ, ಬಾಗಿಲು ತೆರೆಯುವ ಹೊತ್ತಿನ ಟಿಕೆಟ್ ತೆಗೆಯುತ್ತೇನೆ. ನಕ್ಷೆಯ ಹತ್ತು ನಿಮಿಷ ಅಜ್ಜಿ, ಮೊಮ್ಮಕ್ಕಳು ಕೂಡಿ ನಡೆದಾಗ ಇಪ್ಪತ್ತರ ಹತ್ತಿರ ಹೋಗುತ್ತದೆ. ಒಳಗೆ ಎರಡು ಗಂಟೆ ದಾಟಿದರೆ ಚಿತ್ರಗಳು ಕಣ್ಣಿಗೆ ಬೀಳುತ್ತವೆಯೇ ಹೊರತು ಮನಸ್ಸಿಗೆ ಇಳಿಯುವುದಿಲ್ಲ. ವಾರದ ರಜೆಯನ್ನೂ ನೋಡಿಕೊಳ್ಳಲೇಬೇಕು: ಪ್ಯಾರಿಸ್ ಒಂದರಲ್ಲೇ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿದರೆ ಓರ್ಸೆ ಮ್ಯೂಸಿಯಂ ಸೋಮವಾರ ಮುಚ್ಚಿರುತ್ತದೆ.

ಊಟದ ನಂತರ ತಂಡವನ್ನು ಎರಡಾಗಿ ಒಡೆದೂ ನೋಡಿದೆ. ಹಿರಿಯರು ಕೋಣೆಗೆ ಮರಳಿ ಮಲಗಿದರು, ಮಕ್ಕಳು ಉದ್ಯಾನದಲ್ಲಿ ಓಡಾಡಿದರು, ಸಂಜೆ ಎಲ್ಲರ ಮುಖವೂ ಗೆಲುವಾಗಿತ್ತು. ಇದಕ್ಕೆ ಒಂದೇ ಎಚ್ಚರ ಸಾಕು: ಸೇರುವ ಜಾಗವನ್ನು "ನಿಲ್ದಾಣದ ಮುಂದೆ" ಎನ್ನದೆ, ಇಂಥ ಸಂಖ್ಯೆಯ ದ್ವಾರ ಎಂದೇ ಗೊತ್ತುಮಾಡಬೇಕು.

ನೆನಪಿನ ಲೆಕ್ಕದಲ್ಲಿ ನಮ್ಮ ಊಟದ ಖರ್ಚು ಮೂರನೇ ಒಂದರಷ್ಟು ಇಳಿದಿದೆ, ಅದೂ ಮೊದಲಿಗಿಂತ ಚೆನ್ನಾಗಿ ಉಂಡು. ಅಂದು ಒಪ್ಪದ ಬಂಧುಗಳೇ ಇಂದು ಯೋಜನೆಯನ್ನೆಲ್ಲ ನನಗೆ ವಹಿಸಿದ್ದಾರೆ ಎನ್ನಲು ನನಗೆ ಹೆಮ್ಮೆಯಿದೆ. ಗುರುತಿಲ್ಲದ ಊರಿನಲ್ಲಿ ಒಳ್ಳೆಯ ಅಡುಗೆಮನೆಯನ್ನು ಹೇಗೆ ಪತ್ತೆ ಮಾಡುತ್ತೇನೆ ಎಂಬುದನ್ನು ಮಾತ್ರ ಬಿಟ್ಟುಕೊಡಲಾರೆ. ರೇಟಿಂಗ್ ನೋಡಿ ಅಲ್ಲ ಎಂದಷ್ಟೇ ಹೇಳಬಲ್ಲೆ. ಕೊನೆಯ ದಿನ ಈ ಕ್ರಮ ತುಸು ಬದಲಾಗುತ್ತದೆ: ಅಂದು ಮೇಜನ್ನು ನಿಲ್ದಾಣದ ದಾರಿಯಲ್ಲೇ ಹಿಡಿಯುತ್ತೇನೆ, ಲಗೇಜು ಇಡಲು ಜಾಗವಿದೆಯೇ ಎಂದು ಕಾದಿರಿಸುವಾಗಲೇ ಕೇಳಿಕೊಳ್ಳುತ್ತೇನೆ.