ಹಿತ್ತಾಳೆ ಕಾಸಿನೊಳಗೆ ಬಿಟ್‌ಕಾಯಿನ್: ನಾನು ಮಾಡಿದ ಬಗೆ

ಅಣ್ಣನ ಮಗಳ ನಾಮಕರಣಕ್ಕೆ ಬಂದ ಮುಯ್ಯಿ ದುಡ್ಡು 640 ಡಾಲರ್. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಅವರ ಮನೆಯಲ್ಲಿ ಊಟ ಮುಗಿದ ಮೇಲೆ ಅತ್ತಿಗೆ ಲಕೋಟೆ ಬಿಡಿಸಿ ನೋಟು ಎಣಿಸುತ್ತಾ, "ಊರಲ್ಲಿದ್ದಿದ್ದರೆ ಇದಕ್ಕೆ ಲಕ್ಷ್ಮಿ ಕಾಸು ತಗೊಂಡು ಎತ್ತಿಡ್ತಿದ್ವಿ" ಎಂದರು. ನಮ್ಮ ಅಮ್ಮನ ಕಾಸಿನ ಸರ ಅಜ್ಜಿಯಿಂದ ಬಂದದ್ದು. ಆ ಸರದ ಒಂದೊಂದು ಕಾಸೂ ಯಾರೋ ಎಂದೋ ಹೀಗೆ ಎತ್ತಿಟ್ಟದ್ದೇ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಾನು ಕೆಲವು ವರ್ಷಗಳಿಂದ ಸ್ವಲ್ಪ ಸ್ವಲ್ಪ ಬಿಟ್‌ಕಾಯಿನ್, ಅಂದರೆ ಇಂಟರ್ನೆಟ್‌ನಲ್ಲಿ ಮಾತ್ರ ಇರುವ ದುಡ್ಡು, ಇಟ್ಟುಕೊಂಡು ಬಂದವಳು. ಅದನ್ನು ಕೈಯಲ್ಲಿ ಹಿಡಿಯುವ ನಾಣ್ಯವಾಗಿ ಮಾಡಿದವರಿದ್ದಾರೆ ಎಂದು ಗೊತ್ತಿತ್ತು. ಅಮೆರಿಕದ ಯೂಟಾದಲ್ಲಿ ಮೈಕ್ ಕಾಲ್ಡ್‌ವೆಲ್ ಎಂಬುವರು 2011ರಲ್ಲಿ ಕಸಾಶಿಯಸ್ ಎಂಬ ಹೆಸರಿನಲ್ಲಿ ಇಂಥ ನಾಣ್ಯ ಮಾಡಿದ್ದರು. ಹಿತ್ತಾಳೆಯ ಬಿಲ್ಲೆ, ಅದರ ಬೆನ್ನಿನಲ್ಲಿ ಹೊಳೆಯುವ ಹೊಲೊಗ್ರಾಂ ಸ್ಟಿಕ್ಕರ್, ಸ್ಟಿಕ್ಕರ್ ಕೆಳಗೆ ಪುಟ್ಟ ಕಾಗದ. ಆ ಕಾಗದದಲ್ಲಿ ಪ್ರೈವೇಟ್ ಕೀ, ಅಂದರೆ ಬೀಗದ ಕೈ. ದುಡ್ಡು ಇರುವುದು ಇಂಟರ್ನೆಟ್‌ನಲ್ಲಿರುವ ಬಿಟ್‌ಕಾಯಿನ್ ಲೆಕ್ಕದ ಪುಸ್ತಕದಲ್ಲಿ, ಖಾತೆ ಸಂಖ್ಯೆಯಂಥ ಒಂದು ವಿಳಾಸದ ಮುಂದೆ. ನಾಣ್ಯದಲ್ಲಿ ಇರುವುದು ಅದನ್ನು ತೆಗೆಯುವ ಕೀ ಮಾತ್ರ. ಸ್ಟಿಕ್ಕರ್ ಕಿತ್ತರೆ ಬಿಲ್ಲೆಯ ಮೇಲೆ ಜೇನುಗೂಡಿನಂಥ ಗುರುತು ಉಳಿಯುತ್ತದೆ. ಯಾರೋ ತೆಗೆದಿದ್ದಾರೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಕೀಳದ ಕಸಾಶಿಯಸ್ ನಾಣ್ಯವನ್ನು ಇವತ್ತು ಸಂಗ್ರಹಕಾರರು ಒಳಗಿನ ಬಿಟ್‌ಕಾಯಿನ್ ಬೆಲೆಗಿಂತ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಕಿತ್ತದ್ದು ಬರೀ ನೆನಪಿನ ಬಿಲ್ಲೆ.

ಮಾಡುವ ಮೊದಲು ಕಾನೂನು ಓದಿಕೊಂಡೆ. 2013ರ ಕೊನೆಯಲ್ಲಿ ಅಮೆರಿಕದ ಹಣಕಾಸು ಇಲಾಖೆಯ ಫಿನ್‌ಸೆನ್ ಎಂಬ ವಿಭಾಗ, ಬಿಟ್‌ಕಾಯಿನ್ ತುಂಬಿದ ನಾಣ್ಯ ಮಾರುವುದು ಹಣ ರವಾನೆಯ ವ್ಯವಹಾರ, ಅದಕ್ಕೆ ನೋಂದಣಿ ಬೇಕು ಎಂದು ಕಾಲ್ಡ್‌ವೆಲ್ ಅವರಿಗೆ ತಿಳಿಸಿತು. ಅವರು ತುಂಬಿದ ನಾಣ್ಯ ಮಾರುವುದನ್ನು ನಿಲ್ಲಿಸಿದರು. ಹಾಗಾಗಿ ನಾನು ಎರಡು ತೀರ್ಮಾನ ಮಾಡಿದೆ. ಒಂದೂ ಮಾರುವುದಿಲ್ಲ. ಬೇರೆಯವರಿಗೆ ಕೊಡುವುದೆಲ್ಲ ಖಾಲಿ ಬಿಲ್ಲೆ, ತುಂಬಿಕೊಳ್ಳುವುದು ಅವರ ಕೆಲಸ. ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ಚಲಾವಣೆಯ ಹಣದಂತೆ ಕಾಣುವ ಲೋಹದ ನಾಣ್ಯ ಮಾಡುವುದು ಇಲ್ಲಿ ಅಪರಾಧ. ಲಿಬರ್ಟಿ ಡಾಲರ್ ಎಂಬ ಖಾಸಗಿ ನಾಣ್ಯ ಮಾಡಿದವರನ್ನು 2011ರಲ್ಲಿ ಕೋರ್ಟು ಅಪರಾಧಿ ಎಂದೇ ತೀರ್ಮಾನಿಸಿತು. ನನ್ನ ಬಿಲ್ಲೆಯ ಮೇಲೆ ಡಾಲರ್ ಎಂಬ ಪದವಿಲ್ಲ, ಡಾಲರ್ ಗುರುತಿಲ್ಲ, ಮೊತ್ತವೂ ಇಲ್ಲ.

ಮುಖದ ಚಿತ್ರಕ್ಕೆ ಬಹಳ ದಿನ ಯೋಚಿಸಿದೆ. ವಿಜಯನಗರದ ಅಚ್ಯುತರಾಯನ ವರಾಹದ ಮೇಲಿನ ಗಂಡಭೇರುಂಡ ನನಗೆ ತುಂಬಾ ಇಷ್ಟ. ಆದರೆ ಅದು ಈಗ ರಾಜ್ಯದ ಲಾಂಛನದಲ್ಲಿದೆ, ಮನೆಯ ಕಾಸಿಗೆ ಬೇಡ ಅನ್ನಿಸಿತು. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರಡಿಸಿದ ಕಂಠೀರಾಯ ಹಣವನ್ನೂ ನೆನೆಸಿಕೊಂಡೆ. ಅರ್ಧ ಗ್ರಾಂ ಕೂಡ ತೂಗದ ಚಿನ್ನದ ಚೂರು. ಅಷ್ಟು ಚಿಕ್ಕ ಜಾಗದಲ್ಲಿ ನರಸಿಂಹನನ್ನು ಕೂರಿಸಿದ ಆ ಅಚ್ಚಿನ ಕೆಲಸಗಾರನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕೊನೆಗೆ ನಾನು ಆರಿಸಿದ್ದು ತೊಟ್ಟಿಲು, ಅದರ ಸುತ್ತ ಮಾವಿನೆಲೆ ತೋರಣ.

ಮೆಡಲ್, ಸ್ಮರಣಿಕೆ ಮಾಡಿಕೊಡುವ ಒಂದು ಚಿಕ್ಕ ಟಂಕಸಾಲೆಗೆ ಕೆಲಸ ಕೊಟ್ಟೆ. 39 ಮಿಲಿಮೀಟರ್ ಅಗಲದ ಹಿತ್ತಾಳೆ ಬಿಲ್ಲೆ, ಕಡಿಮೆಯೆಂದರೆ 100 ಮಾಡಿಸಬೇಕು. ಬೆನ್ನಿನಲ್ಲಿ 25 ಮಿಲಿಮೀಟರ್ ಅಗಲದ ಒಂದು ತಗ್ಗು ಕೇಳಿದ್ದೆ, ಕೀ ಕಾಗದ ಅಲ್ಲಿ ಕೂರಬೇಕು. ಮೊದಲ ಮಾದರಿ ಬಂದಾಗ ತಗ್ಗಿನ ಅಂಚು ದುಂಡಗಿತ್ತು. ಸ್ಟಿಕ್ಕರ್ ಹಚ್ಚಿದರೆ ಒಂದು ದಿನದಲ್ಲಿ ಅಂಚು ಮೇಲೆದ್ದು ನಿಲ್ಲುತ್ತಿತ್ತು. ಸ್ಟಿಕ್ಕರ್ ಎದ್ದ ನಾಣ್ಯಕ್ಕೆ ಬೆಲೆಯಿಲ್ಲ, ಅದನ್ನು ಯಾರೂ ನಂಬುವುದಿಲ್ಲ. ಅಚ್ಚು ತಿದ್ದಿಸಿದೆ. ಆ ಮೂರು ವಾರ ಕಾದದ್ದು ಒಳ್ಳೆಯದಾಯಿತು.

ಸ್ಟಿಕ್ಕರ್ ಬಗ್ಗೆ ಇನ್ನೊಂದು ಮಾತು. ಅದು ಪೂರ್ತಿ ಕಾವಲು ಅಂತ ತಿಳಿಯಬೇಡಿ. 2013ರಲ್ಲಿ ಲಾಸ್ ವೇಗಾಸ್‌ನ ಡೆಫ್‌ಕಾನ್ ಹ್ಯಾಕರ್ ಮೇಳದಲ್ಲಿ ಸೂಜಿಯಿಂದ ದ್ರಾವಕ ಹಾಯಿಸಿ ಕಸಾಶಿಯಸ್ ಸ್ಟಿಕ್ಕರನ್ನು ಗುರುತು ಉಳಿಯದಂತೆ ಎಬ್ಬಿಸಿ ತೋರಿಸಿದ್ದರು. ಆದ್ದರಿಂದ ಸೀಲ್ ಗಟ್ಟಿ ಇದ್ದರೂ ನಾಣ್ಯ ಎಲ್ಲೆಲ್ಲಿ ಇತ್ತು, ಯಾರ ಕೈಯಲ್ಲಿತ್ತು ಅನ್ನುವುದೇ ದೊಡ್ಡದು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಇದನ್ನು ಮಾಡಲು ಹೊರಟವರು ಇಷ್ಟು ಭಾಗವನ್ನಾದರೂ ಓದಬೇಕು.

ಮೊದಲ ಸಲ ಒಂದೇ ಸಂಜೆಯಲ್ಲಿ 12 ನಾಣ್ಯಕ್ಕೆ ಕೀ ಮಾಡಿದೆ. ಇಂಟರ್ನೆಟ್ ಇಲ್ಲದ ಹಳೆಯ ಲ್ಯಾಪ್‌ಟಾಪ್, ವೈಫೈ ಇಲ್ಲದ ಹಳೆಯ ಲೇಸರ್ ಪ್ರಿಂಟರ್. ಅಲ್ಲಿಯವರೆಗೆ ಸರಿ. 12 ಕೀ ಕಾಗದ ಒಟ್ಟಿಗೆ ಮುದ್ರಿಸಿ, ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ಅಂಟಿಸಿದೆ. ಪ್ರತಿ ನಾಣ್ಯದ ಜೊತೆ ಕೊಡಲು ಅದರ ವಿಳಾಸ ಮುದ್ರಿಸಿದ 12 ಕಾರ್ಡುಗಳನ್ನು ಪಕ್ಕದಲ್ಲಿ ಜೋಡಿಸಿದೆ. ಪರೀಕ್ಷೆಗೆ ಒಂದಕ್ಕೆ 5 ಡಾಲರ್ ಹಾಕಿ ಮಾರನೇ ದಿನ ಕಿತ್ತು ನೋಡಿದರೆ ಒಳಗಿನ ಕೀ ಬೇರೆ ವಿಳಾಸದ್ದು. ಎರಡು ಕಾಗದ ಅದಲುಬದಲಾಗಿತ್ತು. ಯಾವುದು ಎಲ್ಲಿ ಹೋಗಿದೆ ತಿಳಿಯಲು ಉಳಿದ 11ನ್ನೂ ಕೀಳಬೇಕಾಯಿತು. ಮುಚ್ಚಿದ ಮೇಲೆ ಒಳಗೆ ಏನಿದೆ ಎಂದು ಹೊರಗಿನಿಂದ ನೋಡುವ ದಾರಿಯೇ ಇಲ್ಲ. ಅದನ್ನು ಪರೀಕ್ಷೆ ಮಾಡದೆ ಕೊಟ್ಟಿದ್ದರೆ? 18 ವರ್ಷದ ಮೇಲೆ ಮಗು ಸ್ಟಿಕ್ಕರ್ ಕಿತ್ತಾಗ ಏನೂ ಸಿಗುತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಅಲ್ಲ ಕಣೇ, ಈ ಕೀಗಳನ್ನೆಲ್ಲ ನೀನು ನೋಡಿದ್ದೀಯಲ್ವಾ?"

ಹೌದು, ನೋಡಿದ್ದೆ. ನನ್ನ ಲ್ಯಾಪ್‌ಟಾಪ್, ನನ್ನ ಪ್ರಿಂಟರ್, ನನ್ನ ಕಣ್ಣು. ಅವನಿಗೆ ನನ್ನ ಮೇಲೆ ಅನುಮಾನ ಇರಲಿಲ್ಲ. ಆದರೆ ನಾನು ಮಗುವಿಗೆ ಕೊಡುತ್ತಿದ್ದದ್ದು ನನ್ನ ಬಳಿಯೂ ಇನ್ನೊಂದು ಕೈ ಇರುವ ಪೆಟ್ಟಿಗೆ. ನಾಳೆ ನನ್ನ ಲ್ಯಾಪ್‌ಟಾಪ್ ಕಳುವಾದರೆ ಅವಳ ಕಾಸೂ ಹೋಯಿತು. ಚಿನ್ನದ ಕಾಸು ಮಾಡಿದ ಅಕ್ಕಸಾಲಿಗ ಅದನ್ನು ಕೊಟ್ಟ ಮೇಲೆ ಮರಳಿ ತೆಗೆದುಕೊಳ್ಳಲಾರ. ನಾನು ಮಾಡುವ ಕಾಸೂ ಹಾಗೆಯೇ ಇರಬೇಕು. ಎಲ್ಲವನ್ನೂ ಹೊಸದಾಗಿ ಶುರು ಮಾಡಿದೆ.

ಎರಡನೇ ಸಲ ಕೆಲಸ ನಡೆದದ್ದು ಅಣ್ಣನ ಮನೆಯ ಊಟದ ಮೇಜಿನ ಮೇಲೆ, ಅವನ ಲ್ಯಾಪ್‌ಟಾಪ್‌ನಲ್ಲಿ. ಪೆನ್‌ಡ್ರೈವ್‌ನಿಂದ ಟೇಲ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರು ಮಾಡಿದೆವು. ಅದು ಆಫ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಏನೂ ಉಳಿಸುವುದಿಲ್ಲ. ಕೀ ಎಂದರೆ ಒಂದು ಬಹಳ ದೊಡ್ಡ ಸಂಖ್ಯೆ, 256 ಬಿಟ್‌ನದು. ಆರು ಮುಖದ ದಾಳವನ್ನು 99 ಸಲ ಎಸೆದರೆ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ದಾಳ ಹಾಕಿದವನು ಅಣ್ಣನ ದೊಡ್ಡ ಮಗ, ಎಂಟು ವರ್ಷ. ಅತ್ತಿಗೆ ಬರೆದುಕೊಂಡರು. ಮೈಸೂರಿನಿಂದ ವೀಡಿಯೋ ಕಾಲ್‌ನಲ್ಲಿದ್ದ ಅಮ್ಮ, "ಚೌಕಾಬಾರದ ಕವಡೆ ಇದೆಯಲ್ಲ, ಅದರಲ್ಲೇ ಹಾಕಿ" ಎಂದರು. ಕವಡೆ ಬೋರಲು ಬೀಳುವುದೂ ಅಂಗಾತ ಬೀಳುವುದೂ ಸಮವಲ್ಲ, ದಾಳವೇ ಬೇಕು ಎಂದು ವಿವರಿಸಿದೆ. ಕಾಲ್ ಮುಗಿಸಿ, ಫೋನುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟ ಮೇಲೆ ದಾಳ ಉರುಳಿತು. ನಾನು ಅಡಿಗೆಮನೆಯಲ್ಲಿ ನಿಂತಿದ್ದೆ. ಅಣ್ಣನೇ ಮುದ್ರಿಸಿದ, ಅಣ್ಣನೇ ಕೀ ಸ್ಕ್ಯಾನ್ ಮಾಡಿ ಅದರಿಂದ ಬರುವ ವಿಳಾಸ ಕಾರ್ಡಿನದ್ದೇ ಎಂದು ಓದಿ ನೋಡಿದ, ಅಣ್ಣನೇ ಕಾಗದವನ್ನು ಮುಖ ಕೆಳಗೆ ಮಾಡಿ ತಗ್ಗಿನಲ್ಲಿಟ್ಟ. ಆಮೇಲೆ ನನ್ನನ್ನು ಕರೆದ. ನಾನು ಸ್ಟಿಕ್ಕರ್ ಒತ್ತಿದೆ, ಅಷ್ಟೇ. ದಾಳದ ಅಂಕಿ ಬರೆದ ಹಾಳೆಯನ್ನು ಅತ್ತಿಗೆ ಒಲೆಯ ಮೇಲೆ ಸುಟ್ಟರು.

ಕಾಗದದ ವಿವರ ಬೇಕಾದವರಿಗೆ: ಇಂಕ್‌ಜೆಟ್ ಬೇಡ, ಮಸಿ ಹರಡುತ್ತದೆ. ನೀರಿಗೆ ಕೆಡದ ಪಾಲಿಯೆಸ್ಟರ್ ಹಾಳೆ, ಲೇಸರ್ ಮುದ್ರಣ. ಒಂದು ಕಡೆ 15 ಮಿಲಿಮೀಟರ್‌ನ ಕ್ಯೂಆರ್, ಇನ್ನೊಂದು ಕಡೆ ಅದೇ ಕೀ ಅಕ್ಷರಗಳಲ್ಲಿ, 52 ಅಕ್ಷರ. ಕ್ಯೂಆರ್ ಮಾಸಿದರೆ ಅಕ್ಷರ ಓದಬಹುದು. ಹಳೆಯ ನಾಣ್ಯಗಳಲ್ಲಿ ವಿಳಾಸದ ಮೊದಲ ಅಕ್ಷರಗಳು ಹೊರಗೆ ಕಾಣುತ್ತಿದ್ದವು. ಈಗಿನ ವಿಳಾಸಗಳಲ್ಲಿ ಹೆಚ್ಚಿನವು ಬಿಸಿ1ಕ್ಯೂ ಎಂದೇ ಶುರುವಾಗುವುದರಿಂದ ಅದು ಗುರುತಿಗೆ ಸಾಲದು. ನಾನು ಕೊನೆಯ ಆರು ಅಕ್ಷರ ಕೊರೆಸಿದೆ. ಮತ್ತೆ, ಒಂದು ನಾಣ್ಯ ಪೂರ್ತಿ ಮುಚ್ಚುವವರೆಗೆ ಇನ್ನೊಂದರ ಕಾಗದ ಮೇಜಿನ ಮೇಲೆ ಬರಬಾರದು.

ಟೆಕ್ಸಾಸ್‌ನಲ್ಲಿರುವ ಚಿಕ್ಕಪ್ಪನ ಮಗನಿಗೆ ಹೀಗೆ ಎದುರು ಕೂತು ಮಾಡಲು ಆಗಲಿಲ್ಲ. ಅವನಿಗೆ ಬಿಪ್ 38 ಎಂಬ, ಕೀಗೆ ಪಾಸ್‌ವರ್ಡ್ ಬೀಗ ಹಾಕುವ ಕ್ರಮ ಹಿಡಿದೆ. ಅದನ್ನು ಬರೆದವರಲ್ಲಿ ಕಾಲ್ಡ್‌ವೆಲ್ ಅವರೇ ಒಬ್ಬರು. ಅವನು ತನ್ನಲ್ಲೇ ಒಂದು ಪಾಸ್‌ವರ್ಡ್ ಇಟ್ಟುಕೊಂಡು ಅದರಿಂದ ಬರುವ ಒಂದು ಕೋಡ್ ಮಾತ್ರ ನನಗೆ ಕಳಿಸಿದ. ಆ ಕೋಡ್ ಬಳಸಿ ನಾನು 6ಪಿ ಎಂದು ಶುರುವಾಗುವ ಬೀಗ ಹಾಕಿದ ಕೀ ಮಾಡಿ ನಾಣ್ಯದಲ್ಲಿಟ್ಟೆ. ಪಾಸ್‌ವರ್ಡ್ ಇಲ್ಲದೆ ನನಗೂ ಅದು ತೆರೆಯದು, ದಾರಿಯಲ್ಲಿ ಕದ್ದವರಿಗೂ ತೆರೆಯದು. ಆದರೆ ಪಾಸ್‌ವರ್ಡ್ ಮರೆತರೆ ಅವನಿಗೂ ತೆರೆಯದು. ಆದ್ದರಿಂದ ಮಕ್ಕಳ ಹೆಸರಿನ ಕಾಸಿಗೆ ಇದನ್ನು ನಾನು ಹೇಳುವುದಿಲ್ಲ.

ಇನ್ನು ತುಂಬುವ ಮಾತು. ಮುಯ್ಯಿ ದುಡ್ಡಿನಲ್ಲಿ 100 ಡಾಲರ್ ನೋಟನ್ನೇ ಹಾಕಬೇಕು, ಮಗ ಅದನ್ನು ನೋಡಬೇಕು ಎಂದು ಅಣ್ಣನ ಆಸೆ. ಹಾಗಾಗಿ ಹತ್ತಿರದ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿದ್ದ, ನೋಟು ಹಾಕಿದರೆ ಬಿಟ್‌ಕಾಯಿನ್ ಕಳಿಸುವ ಬಿಟ್‌ಕಾಯಿನ್ ಎಟಿಎಂಗೆ ಹೋದೆವು. ಸಾರ್ವಜನಿಕರಿಗೆ ಇಂಥ ಯಂತ್ರ ಮೊದಲು ಬಂದದ್ದು 2013ರ ಅಕ್ಟೋಬರ್‌ನಲ್ಲಿ, ಕೆನಡಾದ ವ್ಯಾಂಕೂವರ್‌ನ ಒಂದು ಕಾಫಿ ಅಂಗಡಿಗೆ. ಬೆಂಗಳೂರಿನಲ್ಲೂ 2018ರಲ್ಲಿ ಒಂದು ಮಾಲ್‌ನಲ್ಲಿ ಇಟ್ಟಿದ್ದರು, ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡರು.

ಯಂತ್ರ ಮೊದಲು ಫೋನ್ ನಂಬರ್ ಕೇಳಿತು, ಒಟಿಪಿ ಬಂತು, ಲೈಸೆನ್ಸ್ ಸ್ಕ್ಯಾನ್ ಮಾಡಿತು. ಆಮೇಲೆ ವಿಳಾಸದ ಕ್ಯೂಆರ್ ತೋರಿಸಿ ಎಂದಿತು. ಬಿಲ್ಲೆಯ ಮೇಲೂ ವಿಳಾಸದ ಕ್ಯೂಆರ್ ಕೊರೆಸಿದ್ದೆ. ಎಷ್ಟು ತಿರುಗಿಸಿದರೂ ಓದಲಿಲ್ಲ. ಹಿತ್ತಾಳೆ ಹೊಳೆಯುತ್ತದೆ, ಕ್ಯಾಮೆರಾಗೆ ಬೆಳಕು ಮಾತ್ರ ಕಾಣುತ್ತದೆ. ಕಾರ್ಡ್ ಹಿಡಿದ ತಕ್ಷಣ ಓದಿತು. ಪರದೆಯ ಮೇಲೆ ಬಂದ ವಿಳಾಸದ ಕೊನೆಯ ಆರು ಅಕ್ಷರವನ್ನು ಹುಡುಗ ಜೋರಾಗಿ ಓದಿದ, ನಾಣ್ಯದ್ದು ನಾನು ಓದಿದೆ. ಎರಡೂ ಒಂದೇ ಎಂದಾದ ಮೇಲೆ ನೋಟು ಒಳಗೆ ಹೋಯಿತು. ಸುಮಾರು 40 ನಿಮಿಷದ ಮೇಲೆ ಮನೆಯಲ್ಲಿ ಅವನೇ ವಿಳಾಸ ಹುಡುಕಿ, ತಂಗಿಯ ಕಾಸು ಬಂತು ಎಂದು ಕೂಗಿದ.

ರಸೀದಿ ನೋಡಿ. 100 ಡಾಲರ್ ಹಾಕಿದ್ದಕ್ಕೆ ಬಂದದ್ದು ಸುಮಾರು 87 ಡಾಲರ್ ಬೆಲೆಯ ಬಿಟ್‌ಕಾಯಿನ್. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಇಂಥ ಯಂತ್ರಗಳು 5 ಡಾಲರ್ ಅಥವಾ ಕೊಡುವ ಬಿಟ್‌ಕಾಯಿನ್ ಬೆಲೆಯ ಶೇ 15, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ನಮ್ಮಿಂದ ಆ ಮಿತಿಯಷ್ಟೂ ತೆಗೆದುಕೊಂಡಿತು. ಮಗುವಿನ ದುಡ್ಡಿನಲ್ಲಿ 13 ಡಾಲರ್ ಸುಮ್ನೆ ಹೋಯಿತು ಎಂದು ನನಗೆ ಬೇಸರ ಆಯಿತು. ಉಳಿದ 540 ಡಾಲರ್ ಅಣ್ಣ ಬ್ಯಾಂಕಿಗೆ ಹಾಕಿ, ಬಿಟ್‌ಕಾಯಿನ್ ಮಾರುವ ಆನ್‌ಲೈನ್ ಎಕ್ಸ್‌ಚೇಂಜ್‌ನಲ್ಲಿ ಕೊಂಡು ಅದೇ ವಿಳಾಸಕ್ಕೆ ಕಳಿಸಿದ. ಅಲ್ಲಿ ಖರ್ಚಾದದ್ದು ಬಹಳ ಕಡಿಮೆ.

ನಾನು ಈ ಯಂತ್ರ ಬಲ್ಲವಳು ಎಂದು ಪರಿಚಯದವರಿಗೆ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಓದಲು ಬಂದ ಹುಡುಗನೊಬ್ಬ ಫೋನ್ ಮಾಡಿ, "ಅಕ್ಕಾ, ಆ ಎಟಿಎಂನಲ್ಲಿ ದುಡ್ಡು ಹಾಕೋದು ಹೇಗೆ?" ಎಂದ. ದನಿ ನಡುಗುತ್ತಿತ್ತು. ಇಮಿಗ್ರೇಷನ್ ಅಧಿಕಾರಿ ಎಂದು ಹೇಳಿಕೊಂಡವನೊಬ್ಬ, ವೀಸಾ ರದ್ದಾಗುತ್ತದೆ, 900 ಡಾಲರ್ ಈಗಲೇ ಕಟ್ಟು ಎಂದು ಒಂದು ಕ್ಯೂಆರ್ ಕಳಿಸಿದ್ದ. ಹುಡುಗ ಬ್ಯಾಂಕಿನಿಂದ ನಗದು ತೆಗೆದುಕೊಂಡು ಯಂತ್ರದ ಮುಂದೆ ನಿಂತಿದ್ದ. "ಒಂದು ನೋಟೂ ಹಾಕಬೇಡ, ಅಂಗಡಿಯವರ ಹತ್ತಿರ ನಿಂತಿರು" ಎಂದು ಹೇಳಿ ಕಾರು ತೆಗೆದೆ. ಬೇರೆಯವರು ಕಳಿಸಿದ ಕ್ಯೂಆರ್ ಎಂದರೆ ಬೇರೆಯವರ ವಿಳಾಸ, ಅದರ ಬೀಗದ ಕೈ ಇರುವುದು ಅವರ ಬಳಿ. ಅಲ್ಲಿ ಬಿದ್ದ ದುಡ್ಡನ್ನು ಬ್ಯಾಂಕ್ ಕೂಡ ಹಿಂದಕ್ಕೆ ತರಲಾರದು. ಯಾವ ಸರ್ಕಾರಿ ಕಚೇರಿಯೂ ಈ ಯಂತ್ರದಲ್ಲಿ ದುಡ್ಡು ಕಟ್ಟು ಎನ್ನುವುದಿಲ್ಲ. ಅಮೆರಿಕದಲ್ಲಿ ಗ್ರಾಹಕರ ರಕ್ಷಣೆ ನೋಡುವ ಎಫ್‌ಟಿಸಿಯ ಲೆಕ್ಕದಲ್ಲಿ 2023ರೊಂದರಲ್ಲೇ ಜನ ಹೀಗೆ ಈ ಯಂತ್ರಗಳ ಮೂಲಕ ಕಳೆದುಕೊಂಡದ್ದು 11 ಕೋಟಿ ಡಾಲರ್‌ಗೂ ಜಾಸ್ತಿ. ಅದು ದೂರು ಕೊಟ್ಟವರದ್ದು ಮಾತ್ರ. ಹುಡುಗನ 900 ಡಾಲರ್ ಉಳಿಯಿತು.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊಮ್ಮಗಳ ಕಾಸನ್ನೂ ಕಲಶದ ಮುಂದಿಡಬೇಕು ಎಂದರು. ನಾನು ಒಳಗೆ ಹೋಗುವಷ್ಟರಲ್ಲಿ ಹುಣಸೆಹಣ್ಣು ನೆನೆಸಿ, ದೀಪದ ಕಂಬದ ಜೊತೆ ಅದನ್ನೂ ಉಜ್ಜಲು ಎತ್ತಿಕೊಂಡಿದ್ದರು. ಹುಳಿ ನೀರು ಸ್ಟಿಕ್ಕರ್ ಅಂಚಿನಲ್ಲಿ ಇಳಿದರೆ ಅಂಟು ಬಿಡುತ್ತದೆ ಎಂದು ಕೈ ಹಿಡಿದೆ. ಅಮ್ಮ ಕಾಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಿತ್ತಾಳೆ ಸ್ವಲ್ಪ ಕಪ್ಪಾಗಿತ್ತು, ಸ್ಟಿಕ್ಕರ್ ಹಾಗೇ ಇತ್ತು. ಒಣ ಬಟ್ಟೆಯಲ್ಲಿ ಮುಖ ಮಾತ್ರ ಒರೆಸಿ, ಪಾರದರ್ಶಕ ಅಕ್ರಿಲಿಕ್ ಡಬ್ಬಿಯಲ್ಲೇ ಇಟ್ಟು, ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿದರು.